ನೀಲಿ ಪರದೆಯಲ್ಲಿ ತೊಗರಿ ಲೆಕ್ಕ

ಎಂಟು ಕ್ವಿಂಟಲ್ ತೊಗರಿ, ಕ್ವಿಂಟಲಿಗೆ 5,000 ರೂಪಾಯಿ. ಔರಾದ ಸಂತೆಯಲ್ಲಿ ಯಾರನ್ನು ಕೇಳಿದರೂ 40,000 ಎನ್ನುತ್ತಾರೆ. ಚಿಂತಾಕಿಯಿಂದ ಬಂದು ಕಾಲೇಜು ಸೇರಿದ್ದ ನಾನು ಲ್ಯಾಬಿನಲ್ಲಿ ಬರೆದ ಮೊದಲ ಸ್ವಂತ ಪ್ರೋಗ್ರಾಂ ಮಾತ್ರ ಮೈನಸ್ 25,536 ಎಂದಿತು.

ಪರದೆ ಟರ್ಬೊ ಸಿ++ದು: ನೀಲಿ ನೆಲ, ಹಳದಿ ಅಕ್ಷರ. ಕಂಟ್ರೋಲ್-ಎಫ್9 ಒತ್ತಿದರೆ ಓಡುತ್ತಿತ್ತು, ಆಲ್ಟ್-ಎಫ್5 ಒತ್ತಿದರೆ ಉತ್ತರ ಕಾಣುತ್ತಿತ್ತು. ನಮಗೆ ಗೊತ್ತಿದ್ದದ್ದು ಅಷ್ಟೇ. ಮೇಷ್ಟ್ರು ಹಿಂದೆ ಬಂದು ನಿಂತರು. ‘ತಮ್ಮಾ, ಒಮ್ಮೆಲೇ ಓಡಿಸಬ್ಯಾಡ. ಒಂದೊಂದೇ ಸಾಲು ನಡಸ್ಕೊಂತ ಹೋಗು’ ಎಂದು ಎಫ್8 ತೋರಿಸಿದರು. ಪ್ರತಿ ಒತ್ತಿಗೂ ಓಡಬೇಕಾದ ಸಾಲನ್ನು ತೋರಿಸುವ ಪಟ್ಟಿ ಒಂದು ಸಾಲು ಕೆಳಗಿಳಿಯಿತು. ಕೆಳಗಿನ ವಾಚ್ ಕಿಟಕಿಯಲ್ಲಿ ತೂಕ 8, ದರ 5000. ಗುಣಾಕಾರದ ಸಾಲು ದಾಟಿದ್ದೇ ಮೊತ್ತ ಋಣಕ್ಕೆ ಬಿತ್ತು. ಅಲ್ಲಿ ‘ಇಂಟ್’ ಎಂದರೆ 16 ಬಿಟ್. 32,767ರ ಆಚೆ ಅದರಲ್ಲಿ ಹಿಡಿಸುವುದಿಲ್ಲ. ಮೂರನ್ನೂ ‘ಲಾಂಗ್’ ಮಾಡಿ, ಮುದ್ರಿಸುವ ಸಾಲನ್ನೂ ಅದಕ್ಕೆ ತಕ್ಕಂತೆ ತಿದ್ದಿದ ಮೇಲೆ ಲೆಕ್ಕ ಸರಿಹೋಯಿತು.

ಬರೆಯುವುದು, ಓಡಿಸುವುದು, ತಪ್ಪು ಹುಡುಕುವುದು, ಎಲ್ಲ ಒಂದೇ ಪರದೆಯಲ್ಲಿ. ಇದಕ್ಕೇ ಐಡಿಇ ಎನ್ನುತ್ತಾರೆ. ಮೊದಲು ಹೀಗಿರಲಿಲ್ಲ. ಕಾರ್ಡಿಗೆ ತೂತು ಹೊಡೆದು ಕೊಟ್ಟು ಫಲಿತಾಂಶಕ್ಕೆ ಗಂಟೆಗಟ್ಟಲೆ ಕಾಯುತ್ತಿದ್ದರು. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕೆಮೆನಿ ಮತ್ತು ಕರ್ಟ್ಜ್ ಬೇಸಿಕ್ ಭಾಷೆ ತಂದು, ವಿದ್ಯಾರ್ಥಿಯನ್ನು ನೇರವಾಗಿ ಯಂತ್ರದ ಮುಂದೆ ಕೂರಿಸಿದರು. ಮನೆಯ ಕಂಪ್ಯೂಟರಿನಲ್ಲಿ ದೊಡ್ಡ ತಿರುವು ತಂದದ್ದು 1983ರ ಟರ್ಬೊ ಪಾಸ್ಕಲ್. ಡೆನ್ಮಾರ್ಕಿನ ಆಂಡರ್ಸ್ ಹೈಲ್ಸ್‌ಬರ್ಗ್ ಬರೆದ ಆ ಕಂಪೈಲರು, ಎಡಿಟರಿನ ಸಮೇತ, 40 ಕೆಬಿಯೊಳಗೇ ಮುಗಿದಿತ್ತು. ಉಳಿದವರು ನೂರಾರು ಡಾಲರ್ ಕೇಳುತ್ತಿದ್ದಾಗ ಅದನ್ನು ಮಾರಿದ ಬೋರ್ಲ್ಯಾಂಡ್ ಕಂಪನಿ ಇಟ್ಟ ಬೆಲೆ 49.95. ಅದರ ಬೆನ್ನಿಗೆ 1987ರಲ್ಲಿ ಟರ್ಬೊ ಸಿ, 1990ರಲ್ಲಿ ಟರ್ಬೊ ಸಿ++.

ನಮ್ಮ ಜಿಲ್ಲೆಯಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದದ್ದೂ ಎಂಬತ್ತರ ದಶಕದಲ್ಲೇ: ಬೀದರಿನ ಗುರು ನಾನಕ್ ದೇವ್ 1980ರಲ್ಲಿ, ಭಾಲ್ಕಿಯದು 1982ರಲ್ಲಿ. ಮುಂದೆ ನಾಡಿನ ಲ್ಯಾಬುಗಳಲ್ಲಿ ಆ ನೀಲಿ ಪರದೆ ಎಷ್ಟು ಬೇರೂರಿತೆಂದರೆ, ಡಾಸ್ ಹೋದ ಮೇಲೂ, ಡಾಸನ್ನು ಅನುಕರಿಸುವ ಡಾಸ್‌ಬಾಕ್ಸಿನಲ್ಲಿ ಅದನ್ನೇ ಓಡಿಸಿದರು. ಆದರೆ ಎಫ್8 ಮುಟ್ಟದೆ ಪದವಿ ಮುಗಿಸಿದವರನ್ನು ನಾನು ತುಂಬ ಕಂಡಿದ್ದೇನೆ. ನನಗೆ ಬೇಸರ ಅದರದು. ತಪ್ಪು ಬಂದರೆ ಸಾಲು ಅಳಿಸಿ ಊಹೆಯ ಮೇಲೆ ಇನ್ನೊಂದು ಬರೆಯುತ್ತಾರೆ.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಅಣ್ಣನ ಮಗಳ ಲ್ಯಾಪ್‌ಟಾಪಿಗೆ ವಿಎಸ್ ಕೋಡ್ ಎಂಬ ಎಡಿಟರ್ ಹಾಕಿಕೊಟ್ಟೆ. 2015ರಲ್ಲಿ ಬಂದದ್ದು, ಪುಕ್ಕಟೆ. ಹೊಸಬರು ಎಡವುವುದು ಇಲ್ಲೇ: ಅದು ಬಂದರೆ ಭಾಷೆ ಬಂದಂತಲ್ಲ, ಪೈಥಾನನ್ನು ಬೇರೆಯಾಗಿ ಹಾಕಬೇಕು. ವಿಂಡೋಸಿನಲ್ಲಾದರೆ, ಹಾಕುವಾಗ ಪಾತ್‌ಗೆ (ವಿಂಡೋಸ್ ಪ್ರೋಗ್ರಾಂ ಹುಡುಕುವ ಜಾಗಗಳ ಪಟ್ಟಿಗೆ) ಸೇರಿಸುವ ಚೌಕ ಕಂಡರೆ ಗುರುತು ಹಾಕುವುದನ್ನು ಮರೆಯಬಾರದು. ಆಮೇಲೆ ಪೈಥಾನ್ ಎಕ್ಸ್‌ಟೆನ್ಶನ್.

ಅದೇ ತೊಗರಿ ಲೆಕ್ಕ ಬರೆಯಲು ಹೇಳಿದೆ. ‘ಕಾಕಾ, ಹೆಸರು ಕನ್ನಡದಾಗ ಇಡ್ಲಾ?’ ಎಂದಳು. ಇಡಬಹುದು, 2008ರ ಪೈಥಾನ್ 3 ಅದಕ್ಕೆ ಒಪ್ಪುತ್ತದೆ. ತೂಕ, ದರ, ಮೊತ್ತ ಎಂದೇ ಟೈಪ್ ಮಾಡಿದಳು. ಗುಣಾಕಾರದ ಸಾಲಿನಲ್ಲಿ ಎಫ್9 ಒತ್ತಿಸಿದೆ, ಪಕ್ಕದಲ್ಲಿ ಕೆಂಪು ಚುಕ್ಕಿ ಬಿತ್ತು. ಎಫ್5ಕ್ಕೆ ಓಟ ಶುರುವಾಗಿ ಚುಕ್ಕಿಯ ಹತ್ತಿರ ನಿಂತಿತು. ಎಫ್10 ಒತ್ತಿದಳು. ಎಡಗಡೆಯ ಪಟ್ಟಿಯಲ್ಲಿ, ಕನ್ನಡದಲ್ಲೇ, ಮೊತ್ತದ ಎದುರು 40000 ಮೂಡಿತು.