ಹಸಿರು, ಹಳದಿ ಎರಡೂ ಒಂದೇ ಕಂಡಾಗ

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಮೆದುಳಿನ ಎಂಆರ್‌ಐ ಚಿತ್ರಗಳಲ್ಲಿ ಗೆಡ್ಡೆ ಗುರುತಿಸೋ ಪ್ರಾಜೆಕ್ಟ್ ಮಾಡ್ತಿದ್ವಿ. ಮಾಡೆಲ್ ಹಾಕಿದ ಗಡಿಗಳನ್ನು ಐಟಿಕೆ-ಸ್ನ್ಯಾಪ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆದು, ತಪ್ಪಿದ್ದ ಕಡೆ ಕೈಯಲ್ಲಿ ತಿದ್ದೋದು ಕೆಲಸ. ಒಬ್ಬನ ಪಾಲಿನ ಸ್ಲೈಸ್‌ಗಳು ಮಾತ್ರ ಪ್ರತಿ ಸಲ ಎಡವಟ್ಟು. ಸುತ್ತಲಿನ ಊತವನ್ನೂ ಗೆಡ್ಡೆಗೇ ಸೇರಿಸಿರುತ್ತಿದ್ದ. 'ಗಮನ ಇಟ್ಟು ಮಾಡೋ ಮಾರಾಯ' ಅಂತ ಎರಡು ಸಲ ಬೈದೆವು. ಮೂರನೇ ಸಲ ಅವನೇ ಕೇಳಿದ: "ಇಲ್ಲಿ ಎರಡು ಬಣ್ಣ ಇದಾವೇನ್ರೋ?"

ಅವನು ಬೆಳಗೋಡಿನವನು, ಮನೆಯಲ್ಲಿ ಕಾಫಿ ತೋಟ. ಕಾಫಿ ಕಾಯಿ ಹಸಿರಿನಿಂದ ಹಳದಿಗೆ, ಆಮೇಲೆ ಕೆಂಪಿಗೆ ತಿರುಗುತ್ತೆ. ಎಲ್ಲರೂ ಬಣ್ಣ ನೋಡಿ ಹಣ್ಣು ಕುಯ್ದರೆ ಇವನು ಬೆರಳಲ್ಲಿ ಒತ್ತಿ ನೋಡಿ ಕುಯ್ತಾನಂತೆ. ಮನೆಯವರು ಕೈ ನಿಧಾನ ಅಂದುಕೊಂಡು ಸುಮ್ಮನಿದ್ದರು. ಕೆಂಪು-ಹಸಿರು ಬಣ್ಣಗುರುಡು ಅಂತ ಕಣ್ಣಿನ ಡಾಕ್ಟರ್ ಹೇಳಿದ್ದು ಈ ಪ್ರಾಜೆಕ್ಟ್ ಆದಮೇಲೇ. ಇದರ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿ ಇರೋದರಿಂದ ಗಂಡಸರಲ್ಲೇ ಹೆಚ್ಚು. ನಮ್ಮ ಬ್ರಾಂಚ್‌ಗಳ ಗಂಡು-ಹೆಣ್ಣು ಲೆಕ್ಕ ಗೊತ್ತೇ ಇದೆಯಲ್ಲ, ನಿಮ್ಮ ಕ್ಲಾಸಿನಲ್ಲೂ ಒಬ್ಬ ಇರಬಹುದು.

ನಾವು ಬಳಸಿದ್ದು 2021ರ ಬ್ರಾಟ್ಸ್ ಡೇಟಾ. ಅದರಲ್ಲಿ ಸತ್ತ ಅಂಗಾಂಶಕ್ಕೆ 1, ಊತಕ್ಕೆ 2, ಕಾಂಟ್ರಾಸ್ಟ್ ಕೊಟ್ಟಾಗ ಹೊಳೆಯೋ ಗೆಡ್ಡೆಗೆ 4. ಐಟಿಕೆ-ಸ್ನ್ಯಾಪ್ ಡೀಫಾಲ್ಟ್ ಆಗಿ 1ಕ್ಕೆ ಕೆಂಪು, 2ಕ್ಕೆ ಹಸಿರು, 4ಕ್ಕೆ ಹಳದಿ ಕೊಡುತ್ತೆ. ನಾವು ಕೆಂಪು-ಹಸಿರಿನದೇ ತೊಂದರೆ ಅಂದುಕೊಂಡಿದ್ವಿ. ಅವನಿಗೆ ನಿಜವಾಗಿ ಕೈಕೊಟ್ಟಿದ್ದು ಹಸಿರು-ಹಳದಿ. ಹಸಿರು ಅಂದರೆ 0, 255, 0. ಹಳದಿ ಅಂದರೆ 255, 255, 0. ಎರಡಕ್ಕೂ ಇರೋ ವ್ಯತ್ಯಾಸ ಕೆಂಪು ಬೆಳಕು ಒಂದೇ, ಅವನ ಕಣ್ಣು ಹಿಡಿಯದೇ ಇರೋದು ಅದನ್ನೇ. ಮೇಲಿಂದ ಈ ಬಣ್ಣಗಳು ಅರ್ಧ ಪಾರದರ್ಶಕವಾಗಿ ಬೂದು ಚಿತ್ರದ ಮೇಲೆ ಕೂರುತ್ತವೆ. ಊತ ಮುಗಿದು ಗೆಡ್ಡೆ ಶುರುವಾಗೋ ಗೆರೆ ಅವನಿಗೆ ಕಾಣ್ತಾನೇ ಇರಲಿಲ್ಲ.

ಬದಲಾಯಿಸೋದು ಸುಲಭ. ಸೆಗ್ಮೆಂಟೇಶನ್ ಮೆನುವಿನಲ್ಲಿ ಲೇಬಲ್ ಎಡಿಟರ್ ತೆರೆದು 1ಕ್ಕೆ ಕಡು ಕಿತ್ತಳೆ (213, 94, 0), 2ಕ್ಕೆ ಆಕಾಶ ನೀಲಿ (86, 180, 233) ಕೊಟ್ಟೆವು. ಜಪಾನಿನ ಒಕಾಬೆ ಮತ್ತು ಇಟೊ ಬಣ್ಣಗುರುಡು ಇರೋರಿಗೂ ಬೇರೆಬೇರೆಯಾಗಿ ಕಾಣಲಿ ಅಂತಲೇ ಆರಿಸಿದ ಪಟ್ಟಿಯವು ಇವು. ಹಳದಿಯನ್ನು ಮುಟ್ಟಲಿಲ್ಲ. ನಾವು ಮೂವರೂ ಸುಮ್ಮನೆ ಕೂತು, ಅವನೇ ಮೌಸ್ ಹಿಡಿದು ಪರೀಕ್ಷೆ ಮಾಡಿದ.

ಮಾರನೇ ದಿನ ಲ್ಯಾಬಿನ ಕಂಪ್ಯೂಟರ್‌ನಲ್ಲಿ ತೆರೆದರೆ ಮತ್ತೆ ಅದೇ ಹಸಿರು! ಯಾಕಂದ್ರೆ ಸೆಗ್ಮೆಂಟೇಶನ್ ಫೈಲಿನಲ್ಲಿ ಇರೋದು 1, 2, 4 ಅನ್ನೋ ಅಂಕಿಗಳು ಮಾತ್ರ, ಬಣ್ಣ ಅದರೊಳಗೆ ಇಲ್ಲ. ಹಾಗಾಗಿ ಅದೇ ಮೆನುವಿನ ಎಕ್ಸ್‌ಪೋರ್ಟ್ ಲೇಬಲ್ ಡಿಸ್ಕ್ರಿಪ್ಶನ್ಸ್ ಒತ್ತಿ ಬೇರೆ ಫೈಲ್ ಮಾಡಿಕೊಳ್ಳಬೇಕು. ಅದು ಬರೀ ಟೆಕ್ಸ್ಟ್ ಫೈಲ್, ಸಾಲಿಗೊಂದು ಲೇಬಲ್; ನೋಟ್‌ಪ್ಯಾಡಿನಲ್ಲೇ ತಿದ್ದಬಹುದು. ಬೇರೆ ಕಂಪ್ಯೂಟರಿನಲ್ಲಿ ಇಂಪೋರ್ಟ್ ಮಾಡಿ, ಅಥವಾ ಟರ್ಮಿನಲ್‌ನಿಂದ ತೆರೆಯುವಾಗ ಹೈಫನ್ ಎಲ್ ಹಾಕಿ ಈ ಫೈಲಿನ ಹೆಸರು ಕೊಡಿ. ಹೆಸರಿನ ಜಾಗದಲ್ಲಿ 'ಲೇಬಲ್ 2' ಬದಲು 'ಊತ' ಅಂತಲೇ ಬರೆದಿಡಿ.

ಗ್ರಾಫ್, ಹೀಟ್‌ಮ್ಯಾಪ್‌ಗಳಲ್ಲೂ ಇದೇ ಕಥೆ. ಕಾಮನಬಿಲ್ಲಿನಂಥ 'ಜೆಟ್' ಬಣ್ಣಗಳನ್ನು ಮ್ಯಾಟ್‌ಲ್ಯಾಬ್ 2014ರಲ್ಲೇ, ಮ್ಯಾಟ್‌ಪ್ಲಾಟ್‌ಲಿಬ್ 2017ರಲ್ಲಿ ಡೀಫಾಲ್ಟ್ ಜಾಗದಿಂದ ಇಳಿಸಿದವು. ಹಳೇ ಕೋಡ್ ಕಾಪಿ ಹೊಡೆಯೋ ನಾವೇ ಅದನ್ನ ಇನ್ನೂ ಸಾಕ್ತಿದ್ದೀವಿ.

ಅವನು ತನ್ನ ಪಾಲಿನ ಸ್ಲೈಸ್‌ಗಳನ್ನೆಲ್ಲ ಮೊದಲಿಂದ ತಿದ್ದಿದ, ಮೂರು ಸಂಜೆ ಹಿಡೀತು. ಪಕ್ಕದಲ್ಲಿ ಕೂತು ಚಹಾ ತಂದುಕೊಡೋ ಪಾಳಿ ನಮ್ಮದಾಗಿತ್ತು.