ಸೆಖೆಗಾಲದ ಸವಾರಿ: ಸೀಟಿನ ಕಡೆಗೂ ಇರಲಿ ಗಮನ

ಕಳೆದ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಸಿದ್ದಕಟ್ಟೆ ಕಡೆಯ ಯುವಕರೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದರು. ಮೂಡುಬಿದಿರೆಯಲ್ಲಿ ಕೆಲಸ, ದಿನವೂ ಬೈಕಿನಲ್ಲಿ ಹೋಗಿ ಬರುವವರು. ಕುರ್ಚಿ ತೋರಿಸಿ ಕುಳಿತುಕೊಳ್ಳಿ ಎಂದೆ. "ಬೇಡ ಡಾಕ್ಟ್ರೇ, ನಿಂತೇ ಹೇಳುತ್ತೇನೆ" ಎಂದರು.

ತೊಡೆಸಂದಿನಿಂದ ಹಿಡಿದು ಪೃಷ್ಠದವರೆಗೆ ಕೆಂಪಗಿನ ಉಂಗುರದಂಥ ಕಲೆಗಳು, ತಡೆಯಲಾಗದ ತುರಿಕೆ. ಐದು ತಿಂಗಳಿನಿಂದ ಅಂಗಡಿಯಲ್ಲಿ ಕೇಳಿ ತಂದ ನಾಲ್ಕು ಬಗೆಯ ಮುಲಾಮು ಹಚ್ಚಿದ್ದರು. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ, ಬಿಟ್ಟ ವಾರಕ್ಕೆ ಮತ್ತೆ ಹಾಜರು. ನಾಚಿಕೆಯಿಂದ ಯಾರಿಗೂ ತೋರಿಸಿರಲಿಲ್ಲ. ಈಗ ಹೆಂಡತಿಗೂ ಹರಡಿತ್ತು. ಎರಡು ವರ್ಷದ ಮಗಳ ಕೆನ್ನೆಯ ಮೇಲೂ ಅಂಥದೇ ಒಂದು ಉಂಗುರ ಮೂಡಿತ್ತು. "ಮಗುವಿಗೆ ನನ್ನಿಂದಲೇ ಬಂತಲ್ಲಾ" ಎಂದು ಅವರ ಕಣ್ಣಲ್ಲಿ ನೀರು.

"ನಿಮ್ಮ ಬೈಕಿನ ಸೀಟು ಎಂಥದ್ದು?" ಎಂದು ಕೇಳಿದಾಗ ಅವರಿಗೆ ಆಶ್ಚರ್ಯ. ದಪ್ಪ ಸ್ಪಂಜು, ಅದರ ಮೇಲೆ ಕಪ್ಪು ರೆಕ್ಸಿನ್. ಅದರ ಮೇಲೆ ಜೀನ್ಸ್ ಪ್ಯಾಂಟು ಧರಿಸಿ ದಿನಕ್ಕೆರಡು ಬಾರಿ ಸವಾರಿ. ರೋಗಕ್ಕೆ ಕಾರಣ ಸೀಟಲ್ಲ, ಶಿಲೀಂಧ್ರ. ಆದರೆ ಆ ಶಿಲೀಂಧ್ರ ಬೆಳೆಯಲು ಬೇಕಾದ ಗದ್ದೆಯನ್ನು ಹದಮಾಡಿ ಕೊಟ್ಟಿದ್ದು ಸೀಟು ಮತ್ತು ಉಡುಪು.

ನಮ್ಮೂರ ಸೆಖೆಯ ಗುಣ

ಹವಾಮಾನ ಇಲಾಖೆ ಬಿಸಿಗಾಳಿ ಎಂದು ಸಾರಲು ಬಯಲುಸೀಮೆಯಲ್ಲಿ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಬೇಕು. ಕರಾವಳಿಗೆ 37 ಡಿಗ್ರಿ ಸಾಕು. ಇದಕ್ಕೆ ಕಾರಣವಿದೆ. ಬೆವರು ಸುರಿಯುವುದರಿಂದ ಮೈ ತಣ್ಣಗಾಗುವುದಿಲ್ಲ, ಅದು ಆವಿಯಾಗಿ ಹೋದಾಗ ಮಾತ್ರ ತಣ್ಣಗಾಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿಯಷ್ಟು ಶಾಖವನ್ನು ದೇಹದಿಂದ ಹೊತ್ತೊಯ್ಯುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಮಾರ್ಚ್‌ನಿಂದ ಮೇ ತನಕ ಗಾಳಿಯಲ್ಲೇ ತೇವ ತುಂಬಿರುವುದರಿಂದ ಬೆವರು ಆರುವುದೇ ಕಷ್ಟ. ಗಾಳಿಗೆ ಒಡ್ಡಿದ ಮುಖ, ಎದೆಗಳಿಗಾದರೂ ಬೈಕ್ ಓಡುವಾಗ ಸ್ವಲ್ಪ ಆರಾಮ ಸಿಗುತ್ತದೆ. ಸೀಟಿಗೆ ಅಂಟಿ ಕುಳಿತ ಭಾಗಕ್ಕೆ ಆ ಭಾಗ್ಯವೂ ಇಲ್ಲ. ಕೆಳಗೆ ಗಾಳಿಯಾಡದ ರೆಕ್ಸಿನ್, ಮೇಲೆ ದೇಹದ ಭಾರ, ನಡುವೆ ಒದ್ದೆ ಬಟ್ಟೆ. ಇನ್ನು ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಕಪ್ಪು ಸೀಟು 60 ಡಿಗ್ರಿಯನ್ನೂ ದಾಟಿ ಕಾಯುವುದುಂಟು. ಚಡ್ಡಿ ತೊಟ್ಟ ಮಕ್ಕಳನ್ನು ಅದರ ಮೇಲೆ ಕೂರಿಸುವ ಮೊದಲು ಕೈಯಿಂದ ಮುಟ್ಟಿ ನೋಡಿ.

ಏನೇನು ತೊಂದರೆ?

ಮೊದಲನೆಯದು ಬೆವರುಸಾಲೆ. ಬೆವರಿನ ನಾಳಗಳ ಬಾಯಿ ಕಟ್ಟಿಕೊಂಡು ಬರುವ ಈ ಸಣ್ಣ ಗುಳ್ಳೆಗಳು ತಂಪು, ಗಾಳಿ ಸಿಕ್ಕರೆ ತಾವಾಗಿಯೇ ಇಳಿಯುತ್ತವೆ. ಅದರ ಮೇಲೆ ಪೌಡರನ್ನು ದಪ್ಪವಾಗಿ ಮೆತ್ತಿದರೆ ಬೆವರಿನೊಡನೆ ಸೇರಿ ಕೆಸರಾಗುತ್ತದೆಯೇ ಹೊರತು ಗುಣವಾಗದು.

ಎರಡನೆಯದು ಹುಳುಕಡ್ಡಿ ಅಥವಾ ಗಜಕರ್ಣ. ಮೇಲೆ ಹೇಳಿದ ಯುವಕರಿಗೆ ಆದದ್ದು ಇದೇ. ಅವರು ತಂದ ಮುಲಾಮುಗಳಲ್ಲಿ ಶಿಲೀಂಧ್ರದ ಮದ್ದಿನ ಜೊತೆ ಸ್ಟಿರಾಯ್ಡ್ ಬೆರೆತಿತ್ತು. ಸ್ಟಿರಾಯ್ಡ್ ತುರಿಕೆಯನ್ನು ಅಡಗಿಸುತ್ತದೆ. ಆದರೆ ಚರ್ಮದ ಪ್ರತಿರೋಧವನ್ನೂ ಅಡಗಿಸಿ ಶಿಲೀಂಧ್ರ ಸದ್ದಿಲ್ಲದೆ ಹರಡಲು ಬಿಡುತ್ತದೆ. ಬಹುಕಾಲ ಹಚ್ಚಿದರೆ ತೊಡೆಸಂದಿಯ ಚರ್ಮ ತೆಳುವಾಗಿ ಶಾಶ್ವತ ಬಿರುಕುಗೆರೆಗಳು ಬೀಳುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕಟ್ಟಳೆ ಮಾಡಿತು. ಆದರೂ ಚೀಟಿಯಿಲ್ಲದೆ ಕೇಳಿ ತರುವ ರೂಢಿ ನಮ್ಮಲ್ಲಿ ನಿಂತಿಲ್ಲ.

ಮೂರನೆಯದು ಕುರು. ಉಜ್ಜಾಟದಿಂದ ರೋಮಮೂಲಕ್ಕೆ ಗಾಯವಾಗಿ ಕೀವು ಕಟ್ಟುತ್ತದೆ. ಮತ್ತೆ ಮತ್ತೆ ಕುರು ಏಳುತ್ತಿದ್ದರೆ "ಉಷ್ಣ" ಎಂದು ಸುಮ್ಮನಾಗದೆ ರಕ್ತದ ಸಕ್ಕರೆ ಅಂಶವನ್ನು ಪರೀಕ್ಷಿಸಿಕೊಳ್ಳಿ. ಮಧುಮೇಹ ಇದ್ದದ್ದು ಹೀಗೆಯೇ ಮೊದಲು ಗೊತ್ತಾದವರು ಹಲವರು.

ಬೆನ್ನಿನ ಬುಡದಲ್ಲಿ, ಪೃಷ್ಠದ ಸೀಳಿನ ಮೇಲ್ತುದಿಯಲ್ಲಿ ಕೂದಲು ಚರ್ಮದೊಳಗೆ ನುಗ್ಗಿ ಕೀವಿನ ಸುರಂಗವಾಗುವುದು ಇನ್ನೊಂದು ಕಾಯಿಲೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸುಮಾರು 80 ಸಾವಿರ ಸೈನಿಕರು ಇದಕ್ಕಾಗಿ ಆಸ್ಪತ್ರೆ ಸೇರಿದ್ದರು. ಜೀಪಿನಲ್ಲಿ ಕುಲುಕಾಡುತ್ತಾ ಹೋಗುವವರಲ್ಲಿ ಹೆಚ್ಚು ಕಂಡದ್ದರಿಂದ ಇದಕ್ಕೆ "ಜೀಪ್ ಕಾಯಿಲೆ" ಎಂದೇ ಹೆಸರಾಯಿತು. ಹೆಚ್ಚು ರೋಮವುಳ್ಳ, ದಿನವಿಡೀ ಕುಳಿತೇ ಇರುವ ನಮ್ಮ ಆಟೋ, ಬಸ್ ಚಾಲಕರಲ್ಲಿ ಇದನ್ನು ನಾನು ನೋಡುತ್ತಿರುತ್ತೇನೆ.

ಸೈಕಲ್ ತುಳಿಯುವವರದು ಬೇರೆಯೇ ದೂರು. ಸೀಟಿನ ಮೂಗು ತೊಡೆಗಳ ನಡುವಿನ ನರ ಮತ್ತು ರಕ್ತನಾಳಗಳನ್ನು ಒತ್ತಿ ಜೋಮು ಹಿಡಿಸುತ್ತದೆ. ಅಮೆರಿಕದಲ್ಲಿ ಸೈಕಲ್ ಮೇಲೆ ಗಸ್ತು ತಿರುಗುವ ಪೊಲೀಸರಿಗೆ ಮೂಗಿಲ್ಲದ ಸೀಟು ಕೊಟ್ಟು ಆರು ತಿಂಗಳು ಗಮನಿಸಿ, 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಜೋಮು ಬಹಳಷ್ಟು ಕಡಿಮೆಯಾದದ್ದು ಕಂಡುಬಂತು.

ಹೊಸದಾಗಿ ಮದುವೆಯಾದವರು ಸಂಕೋಚದಿಂದ ಕೇಳುವ ಪ್ರಶ್ನೆಯೊಂದಿದೆ: ಬಿಸಿ ಸೀಟಿನಿಂದ ಮಕ್ಕಳಾಗದೆ ಹೋದೀತೇ? ವೃಷಣಗಳಿಗೆ ದೇಹದ ಉಷ್ಣಾಂಶಕ್ಕಿಂತ 2ರಿಂದ 4 ಡಿಗ್ರಿ ಕಡಿಮೆ ತಾಪ ಬೇಕು. ದೀರ್ಘಕಾಲದ ಬಿಸಿಯಿಂದ ವೀರ್ಯಾಣುಗಳ ಸಂಖ್ಯೆ ತಗ್ಗಬಹುದು. ಆದರೆ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಬಿಸಿ ತಪ್ಪಿಸಿದರೆ ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಸುಧಾರಿಸುತ್ತದೆ. ಹೆದರಿ ಬೈಕ್ ಮಾರಬೇಕಾಗಿಲ್ಲ.

ಇನ್ನು ಮೂಲವ್ಯಾಧಿ. ಬಿಸಿ ಸೀಟಿನಿಂದಲೇ ಅದು ಬರುತ್ತದೆಂಬ ನಂಬಿಕೆ ಬಲವಾಗಿದೆ. ನಿಜವಾದ ಅಪರಾಧಿ ಮಲಬದ್ಧತೆ ಮತ್ತು ತಿಣುಕುವುದು. ದಾರಿಯಲ್ಲಿ ಶೌಚಾಲಯ ಸಿಗದೆಂದು ನೀರು ಕುಡಿಯದಿರುವುದು, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಮಲಬದ್ಧತೆಯನ್ನೂ ಉರಿಮೂತ್ರವನ್ನೂ ಒಟ್ಟಿಗೇ ತರುತ್ತದೆ.

ಎಂಥ ಸೀಟು ಒಳ್ಳೆಯದು?

ಪಾಶ್ಚಾತ್ಯ ದೇಶಗಳಲ್ಲಿ ಒರಗಿ ಕುಳಿತು, ಕಾಲು ಮುಂದಕ್ಕೆ ಚಾಚಿ ತುಳಿಯುವ ಸೈಕಲ್ಲುಗಳಿವೆ. 1933ರಲ್ಲಿ ಫ್ರಾನ್ಸಿಸ್ ಫೋರ್ ಎಂಬ ಫ್ರೆಂಚ್ ಸವಾರ ಅಂಥದರಲ್ಲಿ ಒಂದು ಗಂಟೆಗೆ 45 ಕಿ.ಮೀ. ದಾಟಿ ದಾಖಲೆ ಮಾಡಿದ. ಮರುವರ್ಷವೇ ಅಂತಾರಾಷ್ಟ್ರೀಯ ಒಕ್ಕೂಟ ಆ ಸೈಕಲ್ಲನ್ನು ಸ್ಪರ್ಧೆಯಿಂದ ಹೊರಗಿಟ್ಟಿತು. ಅದರಲ್ಲಿ ಭಾರ ಪೃಷ್ಠ ಮತ್ತು ಬೆನ್ನಿಗೆ ಹಂಚಿಹೋಗುವುದರಿಂದ ಜೋಮಿನ ಕಾಟ ಕಡಿಮೆ. ಆದರೆ ಬೆನ್ನೆಲ್ಲ ಸೀಟಿಗೆ ಅಂಟಿ ಬೆವರುತ್ತದೆ. ಆದ್ದರಿಂದ ಸೆಖೆಯ ಊರುಗಳಿಗೆ ಸ್ಪಂಜಿನ ಸೀಟಿಗಿಂತ ಚೌಕಟ್ಟಿಗೆ ಬಿಗಿದ ಬಲೆಯ ಸೀಟು ಹೆಚ್ಚು ಹಿತ. ಇದರಲ್ಲಿ ಹೊಸದೇನಿದೆ? ನಮ್ಮ ಹಿರಿಯರು ಚಾವಡಿಯಲ್ಲಿ ಇಟ್ಟಿದ್ದ ಹೆಣೆದ ಬೆತ್ತದ ಕುರ್ಚಿಯ ಉಪಾಯವೇ ಇದು.

ಬೈಕ್, ಸ್ಕೂಟರುಗಳಿಗೂ ಇದೇ ತತ್ವ. ಜೇನುಗೂಡಿನಂತೆ ತೂತುಗಳಿರುವ, ಒತ್ತಿದರೂ ಪೂರ್ತಿ ಚಪ್ಪಟೆಯಾಗದ ದಪ್ಪ ಬಲೆಯ ಕವರ್ ಸಿಗುತ್ತದೆ. ಕೊಳ್ಳುವಾಗ ಅಂಗೈಯಿಂದ ಗಟ್ಟಿಯಾಗಿ ಒತ್ತಿ ಬಾಯಿಂದ ಪಕ್ಕಕ್ಕೆ ಊದಿ ನೋಡಿ. ಗಾಳಿ ಆಚೆ ದಾಟಿದರೆ ಸರಿ. ಕವರನ್ನು ಅಡಿಯಿಂದ ಭದ್ರವಾಗಿ ಕಟ್ಟಿ. ಬ್ರೇಕ್ ಹಾಕಿದಾಗ ಜಾರುವ ಕವರ್ ಬೆವರುಸಾಲೆಗಿಂತ ದೊಡ್ಡ ಅಪಾಯ. ಟರ್ಕಿ ಟವೆಲ್ ಹಾಸುವುದು ಬೇಡ, ಅದು ಬೆವರನ್ನು ಹೀರಿ ದಿನವಿಡೀ ಒದ್ದೆಯಾಗಿರುತ್ತದೆ. ಜೆಲ್ ದಿಂಬು ಮೊದಲಿಗೆ ತಂಪೆನಿಸಿದರೂ ಸ್ವಲ್ಪ ಹೊತ್ತಿಗೆ ಬಿಸಿ ಹಿಡಿದುಕೊಂಡು ಕೂರುತ್ತದೆ. ತೀರಾ ಮೆತ್ತಗಿನ ಸ್ಪಂಜಿನಲ್ಲಿ ದೇಹ ಹುದುಗಿ ಚರ್ಮ ಇನ್ನಷ್ಟು ಮುಚ್ಚಿಹೋಗುತ್ತದೆ. ಸ್ವಲ್ಪ ಗಟ್ಟಿಯಾದ, ಅಗಲವಾದ ಸೀಟೇ ಲೇಸು. ಆಟೋ, ಕಾರು ಚಾಲಕರು ಹಾಸಿಕೊಳ್ಳುವ ಮರದ ಮಣಿಯ ಚಾಪೆಯೂ ನಡುವೆ ಗಾಳಿ ಬಿಡುತ್ತದೆ.

ಸೈಕಲ್ಲಿನವರು ಕುಳಿತಾಗ ಪೃಷ್ಠದ ಎರಡು ಮೂಳೆಗಳು ಸೀಟಿನ ಅಗಲ ಭಾಗದ ಮೇಲೆ ಬರುವಂತೆ ನೋಡಿಕೊಳ್ಳಬೇಕು. ಮೂಗು ಮೇಲಕ್ಕೆದ್ದಿರಬಾರದು. ಹತ್ತು ನಿಮಿಷಕ್ಕೊಮ್ಮೆ ಪೆಡಲಿನ ಮೇಲೆ ಎದ್ದು ನಿಲ್ಲಿ.

ದಿನನಿತ್ಯದ ಕೆಲವು ಸೂಚನೆಗಳು

* ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ. ನೆರಳಿಲ್ಲದಿದ್ದರೆ ಸೀಟಿನ ಮೇಲೆ ತಿಳಿಬಣ್ಣದ ಬಟ್ಟೆ ಅಥವಾ ಅಡಿಕೆ ಹಾಳೆ ಹಾಕಿಡಿ, ಹೊರಡುವಾಗ ತೆಗೆದರಾಯಿತು.

* ಸಡಿಲವಾದ ಹತ್ತಿ ಬಟ್ಟೆ ಧರಿಸಿ. ಕೆಲಸದ ಸ್ಥಳ ತಲುಪಿದ ಮೇಲೆ ಒಳ ಉಡುಪು ಬದಲಿಸಿ. ಚೀಲದಲ್ಲಿ ಒಂದು ಜೊತೆ ಹೆಚ್ಚಿಗೆ ಇದ್ದರೆ ಭಾರವೇನಲ್ಲ.

* ಮನೆಗೆ ಬಂದೊಡನೆ ಸ್ನಾನ ಮಾಡಿ, ಸಂದುಗಳನ್ನು ಒರೆಸಿ ಪೂರ್ತಿ ಒಣಗಿಸಿ. ಒಬ್ಬರ ಬೈರಾಸನ್ನು ಇನ್ನೊಬ್ಬರು ಬಳಸಬಾರದು.

* ಸೀಟಿನ ಕವರನ್ನು ವಾರಕ್ಕೊಮ್ಮೆ ಸೋಪಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಜೂನ್‌ನಲ್ಲಿ ಮಳೆ ಹಿಡಿದೊಡನೆ ತೆಗೆದಿಡಿ. ಒದ್ದೆ ಬಲೆಯಲ್ಲಿ ಬೂಷ್ಟು ಬೆಳೆಯುತ್ತದೆ.

* ಬೊಂಡ, ಮಜ್ಜಿಗೆ, ಗಂಜಿತಿಳಿ, ಪುನರ್ಪುಳಿ ಶರಬತ್ತು, ಯಾವುದಾದರೂ ಆದೀತು. ಮೂತ್ರ ತಿಳಿಹಳದಿ ಇರುವಷ್ಟು ಕುಡಿಯಿರಿ. ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇರುವವರು ತಮ್ಮ ವೈದ್ಯರು ಹೇಳಿದ ಅಳತೆ ಮೀರಬಾರದು.

ಜ್ವರದೊಡನೆ ಗುದದ ಸುತ್ತ ನೋವಿನ ಬಾವು, ವೇಗವಾಗಿ ಹರಡುವ ಕೆಂಪು ಅಥವಾ ಕಪ್ಪುಬಣ್ಣ, ಗಂಟೆಗಟ್ಟಲೆ ಇಳಿಯದ ಜೋಮು ಇದ್ದರೆ ಮನೆಮದ್ದು ಬೇಡ, ಅಂದೇ ಆಸ್ಪತ್ರೆಗೆ ಹೋಗಿ. ಮಧುಮೇಹಿಗಳು ಇನ್ನೂ ಎಚ್ಚರ.

ಆ ಯುವಕರ ಮನೆಯ ಮೂವರಿಗೂ ಒಟ್ಟಿಗೇ ಚಿಕಿತ್ಸೆ ನಡೆಯಿತು. ಹುಳುಕಡ್ಡಿಗೆ ಕಲೆ ಮಾಯವಾದ ಮೇಲೂ ಕೆಲವು ವಾರ ಮದ್ದು ಮುಂದುವರಿಸಬೇಕು. ಒಬ್ಬರಿಗೆ ಕೊಟ್ಟು ಇನ್ನೊಬ್ಬರನ್ನು ಬಿಟ್ಟರೆ ರೋಗ ಮನೆಯೊಳಗೇ ಸುತ್ತುತ್ತಿರುತ್ತದೆ. ಸೀಟಿಗೆ ಬಲೆಯ ಕವರ್ ಬಂತು, ಜೀನ್ಸ್ ಭಾನುವಾರಕ್ಕೆ ಮೀಸಲಾಯಿತು. ಮಗುವಿನ ಕೆನ್ನೆ ಒಂದು ತಿಂಗಳಲ್ಲಿ ತಿಳಿಯಾಯಿತು; ತಂದೆಗೆ ಎರಡು ತಿಂಗಳು ಮೀರಿ ಹಿಡಿಯಿತು. ಮಳೆಗಾಲದಲ್ಲಿ ಕೊನೆಯ ಬಾರಿ ಬಂದಾಗ, ನಾನು ಹೇಳುವ ಮೊದಲೇ ಕುರ್ಚಿ ಎಳೆದು ಕುಳಿತರು. ನಾಚಿಕೆ ಬಿಟ್ಟು ಮೊದಲ ವಾರವೇ ಬಂದಿದ್ದರೆ ಈ ಸುಖ ಆರು ತಿಂಗಳು ಮೊದಲೇ ಅವರದಾಗುತ್ತಿತ್ತು.