ಅಡಿಗೆಮನೆಯ ಸಿಲಿಂಡರೂ ನೀರಿನ ಪರೀಕ್ಷೆಯೂ

ಭಾರ ಹೊರಬೇಕಾದ ವಸ್ತುವನ್ನು ಮೊದಲು ಪರೀಕ್ಷಿಸಿ, ಅನಂತರ ನಂಬಬೇಕೆಂಬುದು ಲೋಕರೂಢಿ. ಮಡಕೆ ಕೊಳ್ಳುವಾಗ ಬೆರಳಿನಿಂದ ಬಡಿದು ನಾದ ಕೇಳುವ ನಮ್ಮ ಹೆಂಗಸರು ಇದನ್ನು ಚೆನ್ನಾಗಿ ಬಲ್ಲರು. ಆದರೆ ಒಲೆಯ ಪಕ್ಕದಲ್ಲಿ ಹಗಲಿರುಳೂ ನಿಂತಿರುವ ಗ್ಯಾಸ್ ಸಿಲಿಂಡರನ್ನು ಹೇಗೆ ಪರೀಕ್ಷಿಸುತ್ತಾರೆ, ಮುಂದಿನ ಪರೀಕ್ಷೆ ಯಾವಾಗ ಎಂಬುದನ್ನು ನಾಸಿಕ, ಛತ್ರಪತಿ ಸಂಭಾಜಿನಗರಗಳ ಹೋಟೆಲುಗಳಲ್ಲಿ ದುಡಿಯುವ ನಮ್ಮ ಬಾಂಧವರಲ್ಲಿ ಎಷ್ಟು ಮಂದಿ ವಿಚಾರಿಸಿದ್ದಾರೆ?

ಪಾತ್ರೆಯಲ್ಲಿ ನೀರು ತುಂಬಿ, ಒಳಗಿನ ಗಾಳಿಯನ್ನೆಲ್ಲ ಹೊರಗೆ ಬಿಟ್ಟು, ಪಂಪಿನಿಂದ ಒತ್ತಡವನ್ನು ಏರಿಸುತ್ತಾರೆ. ಮಾಪಕದ ಮುಳ್ಳು ಇಳಿಯುವುದೇ, ಬೆಸುಗೆಯಿಂದ ನೀರು ಒಸರುವುದೇ, ಪಾತ್ರೆ ಉಬ್ಬುವುದೇ ಎಂದು ನೋಡುತ್ತಾರೆ. ಇದೇ ಜಲಒತ್ತಡ ಪರೀಕ್ಷೆ. ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬುದನ್ನು ಹದಿನೇಳನೆಯ ಶತಮಾನದಲ್ಲಿಯೇ ಫ್ರಾನ್ಸಿನ ಪ್ಯಾಸ್ಕಲನು ವಿವರಿಸಿದನು. ಹೀಗಾಗಿ ದೌರ್ಬಲ್ಯವು ಯಾವ ಮೂಲೆಯಲ್ಲಿದ್ದರೂ ಬಯಲಾಗದೆ ಇರದು.

ಗಾಳಿಯನ್ನೇ ತುಂಬಿ ನೋಡಬಾರದೇಕೆಂದು ಕೇಳಬಹುದು. ಗಾಳಿಯು ಒತ್ತಿದಷ್ಟೂ ಸ್ಪ್ರಿಂಗಿನಂತೆ ಕುಗ್ಗಿ, ಶಕ್ತಿಯನ್ನು ಒಳಗೆ ಕೂಡಿಟ್ಟುಕೊಳ್ಳುತ್ತದೆ. ಪಾತ್ರೆ ಬಿರಿದರೆ ಸಿಡಿಗುಂಡಿನಂತೆ ಎರಗುತ್ತದೆ. ನೀರಾದರೋ ಬಹಳ ಅಲ್ಪವಾಗಿ ಮಾತ್ರ ಕುಗ್ಗುವುದು. ಬಿರುಕು ಬಿಟ್ಟೊಡನೆ ಸ್ವಲ್ಪ ನೀರು ಚಿಮ್ಮಿ ಒತ್ತಡ ಇಳಿದುಹೋಗುತ್ತದೆ.

ದೊಡ್ಡ ಕೊಳವೆಗಳಿಗೂ ಇದೇ ನಿಯಮ. ತ್ರ್ಯಂಬಕದಲ್ಲಿ ಹುಟ್ಟಿ ನಾಸಿಕವನ್ನು ಹಾದುಬರುವ ಗೋದಾವರಿಯನ್ನು ಪೈಠಣದ ಬಳಿ ಜಾಯಕವಾಡಿ ಅಣೆಕಟ್ಟು ತಡೆದಿದೆ. ಅಲ್ಲಿಂದ ಸಂಭಾಜಿನಗರಕ್ಕೆ ನೀರನ್ನು ನೂರು ಮೀಟರಿಗೂ ಮಿಕ್ಕ ಎತ್ತರಕ್ಕೆ ಪಂಪಿನಿಂದ ಏರಿಸಬೇಕು. ಹತ್ತು ಮೀಟರು ಎತ್ತರದ ನೀರು ತನ್ನ ಬುಡದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಒತ್ತಡ ಹಾಕುವುದರಿಂದ, ನೂರು ಮೀಟರಿಗೆ ಹತ್ತು ಕಿಲೋಗ್ರಾಂ ಆಯಿತು. ಆ ನಗರದ 700 ಮತ್ತು 1400 ಮಿಲಿಮೀಟರು ವ್ಯಾಸದ ಹಳೆಯ ಕೊಳವೆಗಳು ಒಡೆದಾಗಲೆಲ್ಲ ಜನರು ನೀರಿಗಾಗಿ ಪಟ್ಟ ಪಾಡನ್ನು ಅಲ್ಲಿನ ನಮ್ಮವರು ಕಂಡವರೇ. ಆದುದರಿಂದ ಹೊಸ ಕೊಳವೆಯನ್ನು ಹಾಕಿದಾಗ ನೀರನ್ನು ನಿಧಾನವಾಗಿ ತುಂಬಿ, ಎತ್ತರದ ಜಾಗಗಳಲ್ಲಿ ಗಾಳಿಯನ್ನು ಹೊರಬಿಟ್ಟು, ಮುಂದೆ ಬರಲಿರುವ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಪರೀಕ್ಷಿಸುವುದು ಕ್ರಮ.

ಇನ್ನು ನಮ್ಮ ಅಡಿಗೆಮನೆಗೆ ಬರೋಣ. ಗ್ಯಾಸ್ ಸಿಲಿಂಡರಿನ ನೀರಿನ ಪರೀಕ್ಷೆಯು ಚದರ ಸೆಂಟಿಮೀಟರಿಗೆ 25 ಕಿಲೋಗ್ರಾಂ ಒತ್ತಡದಲ್ಲಿ ನಡೆಯುತ್ತದೆ. ಎಂದರೆ 250 ಮೀಟರು ಎತ್ತರದ ನೀರಿನ ಕಂಬದ ಭಾರ. ಇದರಲ್ಲಿ ಗೆದ್ದ ಮೇಲೆಯೇ ಅದಕ್ಕೆ 12 ಕಿಲೋಗ್ರಾಂ ಒತ್ತಡದ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವುದೇ ಎಂದು ಸೋರಿಕೆ ನೋಡುತ್ತಾರೆ. ಹೊಸ ಸಿಲಿಂಡರಿಗೆ ಹತ್ತು ವರ್ಷಗಳ ತರುವಾಯ, ಅಲ್ಲಿಂದ ಮುಂದೆ ಐದೈದು ವರ್ಷಗಳಿಗೊಮ್ಮೆ ಮರುಪರೀಕ್ಷೆ ಆಗಬೇಕು.

ಆ ಗಡುವು ಸಿಲಿಂಡರಿನ ಮೇಲೆಯೇ ಬರೆದಿರುತ್ತದೆ. ಮೇಲಿನ ಬಳೆಯನ್ನು ಹೊತ್ತ ಮೂರು ಪಟ್ಟಿಗಳಲ್ಲಿ ಒಂದರ ಒಳಮೈಯಲ್ಲಿ ಒಂದು ಇಂಗ್ಲಿಷ್ ಅಕ್ಷರವೂ ಎರಡು ಅಂಕಿಗಳೂ ಇರುತ್ತವೆ. ಎ ಎಂದರೆ ಮಾರ್ಚಿಗೆ, ಬಿ ಎಂದರೆ ಜೂನಿಗೆ, ಸಿ ಎಂದರೆ ಸೆಪ್ಟೆಂಬರಿಗೆ, ಡಿ ಎಂದರೆ ಡಿಸೆಂಬರಿಗೆ ಮುಗಿಯುವ ಮೂರು ತಿಂಗಳು, ಅಂಕಿಗಳು ಇಸವಿ. ‘ಸಿ 29’ ಎಂದಿದ್ದರೆ 2029ರ ಸೆಪ್ಟೆಂಬರಿನೊಳಗೆ ಮರುಪರೀಕ್ಷೆ ಆಗತಕ್ಕದ್ದು. ಗಡುವು ದಾಟಿದ ಸಿಲಿಂಡರನ್ನು ಒಳಗೆ ಇಳಿಸಿಕೊಳ್ಳದೆ ಹಿಂದಿರುಗಿಸಬೇಕು. ಆದರೆ ಈ ಗುರುತು ವಾಲ್ವಿಗೂ ರಬ್ಬರಿನ ನಳಿಗೂ ಜಾಮೀನಲ್ಲ. ಅವನ್ನು ಬೇರೆಯಾಗಿಯೇ ನೋಡಿಕೊಳ್ಳಬೇಕು.

ಓದಲು ಅರ್ಧ ನಿಮಿಷ ಸಾಕು. ಆದರೂ ನಾಸಿಕದ ಸಿಂಹಸ್ಥದಂಥ ಜನಸಂದಣಿಯ ದಿನಗಳಲ್ಲಿ ದೋಸೆಕಲ್ಲು ಕಾದಿರುವಾಗ, ಬಂದ ಸಿಲಿಂಡರನ್ನು ಬೇಡವೆನ್ನುವ ಧೈರ್ಯ ಯಾರಿಗಿದೆ? ಅಡಿಗೆಮನೆಯ ಹುಡುಗನು ಗುರುತನ್ನು ಕಂಡರೂ ಧಣಿಯ ಮುಖ ನೋಡಿ ಸುಮ್ಮನಾಗುತ್ತಾನೆ. ಎಷ್ಟೋ ಕಡೆ ರಾತ್ರಿ ಅದೇ ಸಿಲಿಂಡರಿನ ಹತ್ತಿರವೇ ಚಾಪೆ ಹಾಸಿ ಮಲಗುವವನೂ ಅವನೇ. ಹೋಟೆಲು ನಡೆಸಿದವನಾಗಿ ನಾನು ಮಾಲೀಕರಿಗೆ ಹೇಳುವುದಿಷ್ಟೆ: ‘ಗುರುತು ನೋಡಿಯೇ ಇಳಿಸಿಕೊ, ಗಡುವು ಮೀರಿದ್ದರೆ ನನ್ನನ್ನು ಕೇಳದೆ ಹಿಂದಕ್ಕೆ ಕಳಿಸು’ ಎಂಬ ಅಪ್ಪಣೆಯನ್ನು ಆ ಹುಡುಗನಿಗೆ ಈ ದಿನವೇ ಕೊಡಿರಿ. ಒಂದು ಹೊತ್ತಿನ ವ್ಯಾಪಾರ ನಿಂತರೆ ನಾಳೆ ತುಂಬಿಕೊಳ್ಳಬಹುದು. ಊರಿನಲ್ಲಿ ಅವನ ದಾರಿ ಕಾಯುವ ತಾಯಿಗೆ ನಾವು ಬೇರೇನನ್ನು ತುಂಬಿಕೊಡಬಲ್ಲೆವು?